ಮಳೆ ಲೆಕ್ಕದ ತಕ್ಕಡಿ ಯಾರ ಕೈಯಲ್ಲಿ?



ಮಂಡಿಯಲ್ಲಿ ಮಾಲು ತೂಗುವಾಗ ನಾವು ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡುತ್ತೇವೆ. ಮುಳ್ಳು ಕಾಣದ ಹಾಗೆ ಯಾರಾದರೂ ಅಡ್ಡ ನಿಂತರೆ ಜಗಳಕ್ಕೇ ಹೋಗುತ್ತೇವೆ. ಆದರೆ ನಮ್ಮ ಮೇಲೆ ಸುರಿದ ಮಳೆಯನ್ನು ತೂಗುವ ತಕ್ಕಡಿಯನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಹವಾಮಾನ ಆಧಾರಿತ ಬೆಳೆ ವಿಮೆ 2016ರಿಂದ ಹೊಸ ರೂಪದಲ್ಲಿ ನಡೆಯುತ್ತಿದೆ. ಅಡಿಕೆ, ಕಾಳುಮೆಣಸು, ಮಾವು, ದಾಳಿಂಬೆ ಬೆಳೆಯುವವನು ವಿಮಾ ಮೊತ್ತದಲ್ಲಿ ನೂರಕ್ಕೆ 5 ರೂಪಾಯಿವರೆಗೆ ಕಟ್ಟುತ್ತಾನೆ. ಪರಿಹಾರ ಕೊಡುವಾಗ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವವರಿಲ್ಲ. ಮಳೆಮಾಪಕ, ಹವಾಮಾನ ಯಂತ್ರ ಹೇಳಿದ ಅಂಕಿಯೇ ಸಾಕ್ಷಿ, ಅದೇ ತೀರ್ಪು. ಆ ಅಂಕಿ ತಪ್ಪಿದರೆ ಪರಿಹಾರ ತಪ್ಪಿತು, ಪರಿಹಾರ ತಪ್ಪಿದರೆ ಸೊಸೈಟಿ ಸಾಲದ ಕಂತೂ ತಪ್ಪಿತು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂತೆ ಅವನ್ನು ಮಾಡಿದ್ದಾರೆ. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಯಂತ್ರ ಯಂತ್ರವೇ. ಬಾಯಿಗೆ ಎಲೆ ಬಿದ್ದರೂ ಸಾಕು, ಹುಳ ಗೂಡು ಕಟ್ಟಿದರೂ ಸಾಕು, ಜಡಿಮಳೆಯಲ್ಲೂ ಅದು ಸೊನ್ನೆ ತೋರಿಸಬಹುದು. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್ ನೀರು. 10 ಮಿಲಿಮೀಟರ್ ಲೆಕ್ಕ ತಪ್ಪಿತು ಅಂದರೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ.

ಅದಕ್ಕೇ ನಾವು ಕೇಳುವುದು: ಈ ಲೆಕ್ಕವನ್ನು ಸಾರ್ವಜನಿಕರ ಮುಂದಿಡುವ ಜಾಲತಾಣ ರೈತನ ಕಣ್ಣಿಗೆ ತಕ್ಕಂತೆ ಇರಬೇಕು. ನಕ್ಷೆಗೆ ಬಣ್ಣ ಬಳಿದರೆ ಸಾಲದು. ಊರಿನ ಹೆಸರು ಕನ್ನಡದಲ್ಲಿ ಒತ್ತಿದರೆ ನಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಇವತ್ತು ಎಷ್ಟು ದಾಖಲಾಯಿತು, ಈ ಹೊತ್ತಿಗೆ ವಾಡಿಕೆ ಎಷ್ಟು ಅಂತ ಕಾಣಬೇಕು. ಆರಿದ್ರಾ, ಪುಷ್ಯ, ಮಘೆ ಅಂತ ನಕ್ಷತ್ರದ ಪ್ರಕಾರವೂ ಲೆಕ್ಕ ಕೊಡಲಿ. ಬಿತ್ತುವವನು ಹಿಡಿಯುವ ಪಂಚಾಂಗ ಅದೇ. ಸಿಗ್ನಲ್ ಸರಿಯಿಲ್ಲದ ಊರಿನ ಅಗ್ಗದ ಫೋನಿನಲ್ಲೂ ಪುಟ ತೆರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಮಳೆ ಇಲ್ಲ’ ಅನ್ನುವುದೇ ಬೇರೆ, ‘ಲೆಕ್ಕ ಬಂದಿಲ್ಲ’ ಅನ್ನುವುದೇ ಬೇರೆ. ಯಂತ್ರ ಕೆಟ್ಟ ದಿನ ಸೊನ್ನೆ ಬರೆಯದೆ ‘ಕೆಟ್ಟಿದೆ’ ಅಂತಲೇ ಬರೆಯಲಿ. ಪಕ್ಕದೂರಿನ ಅಂಕಿ ತಂದು ತುಂಬಿದ್ದರೆ ಅದನ್ನೂ ಹೇಳಲಿ. ಹಳೆಯ ಲೆಕ್ಕ ಅಳಿಸಬಾರದು. ತಿದ್ದಿದರೆ ಯಾವತ್ತು ತಿದ್ದಿದ್ದು, ಯಾಕೆ ತಿದ್ದಿದ್ದು ಅಂತ ಬರೆದಿಡಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇಂಥ ಮಾಹಿತಿಯನ್ನು ಯಾರೂ ಅರ್ಜಿ ಹಾಕುವ ಮೊದಲೇ ತಾನಾಗಿ ಪ್ರಕಟಿಸಲು ಹೇಳುತ್ತದೆ. ನಾವು ಭಿಕ್ಷೆ ಬೇಡುತ್ತಿಲ್ಲ.

ಅಂಕಿ ಅಂಶ ಓದುವುದು ರೈತನಿಗೆ ಆಗದ ಕೆಲಸ ಅನ್ನುವವರಿದ್ದಾರೆ. ಅವರು ನಮ್ಮ ಗಡಿಯಾಚೆಯ ಅನಂತಪುರವನ್ನು ನೋಡಲಿ. ಅನಂತಪುರವೂ ಸೇರಿ ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2003ರಿಂದ ನಡೆದ ಅಂತರ್ಜಲ ಯೋಜನೆಯೊಂದರಲ್ಲಿ ರೈತರೇ ಮಳೆ ಅಳೆದರು, ಕೊಳವೆಬಾವಿಯ ನೀರಿನ ಮಟ್ಟ ಅಳೆದರು, ಊರ ಹಲಗೆಯ ಮೇಲೆ ಬರೆದರು. ಹಿಂಗಾರಿಗೆ ಮುಂಚೆ ನೀರಿನ ಆಯವ್ಯಯ ಕೂಡಿಸಿ ಯಾವ ಬೆಳೆ ಇಡೋದು ಅಂತ ಕೂತು ಮಾತಾಡಿಕೊಂಡರು.

ಜಾಲತಾಣ ಸರಿಹೋಗುವ ತನಕ ಕೈಕಟ್ಟಿ ಕೂರಬೇಡಿ. ಊರಿಗೊಂದು ಮಳೆಮಾಪಕ ತನ್ನಿ, ಬಯಲಲ್ಲಿ ನೆಡಿ. ಬೆಳಿಗ್ಗೆ ಎಂಟೂವರೆಗೆ ಅಳೆದು ಇಬ್ಬರ ಸಹಿ ಹಾಕಿ ಪುಸ್ತಕದಲ್ಲಿ ಬರೆದಿಡಿ. ಸರ್ಕಾರಿ ಮಾಪಕದ ಬಾಯಲ್ಲಿ ಕಸ ಕಂಡರೆ ಅವತ್ತೇ ಪಂಚಾಯಿತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಎರಡೂ ಲೆಕ್ಕ ಎದುರುಬದುರು ಇಟ್ಟು ಕೇಳಿ. ತಕ್ಕಡಿ ಅವರದೇ ಇರಲಿ, ಮುಳ್ಳು ಮಾತ್ರ ನಮಗೆ ಕಾಣಬೇಕು.