ಮೀಸೆಯ ಕೆಳಗಿನ ಬಾಯಿ

2003ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 30 ಮಂದಿ ತಮಾಷೆಗೆಂದು ನವೆಂಬರ್ ತಿಂಗಳಿಡೀ ಮೀಸೆ ಬೆಳೆಸಿದರು. ಮರುವರ್ಷ ಅದೇ ಮೀಸೆ ತೋರಿಸಿ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆಂದು ಹಣ ಕೂಡಿಸಿದರು. ‘ಮೊವೆಂಬರ್’ ಎಂಬ ಹೆಸರಿನಲ್ಲಿ ಅದೀಗ ಹಲವು ದೇಶಗಳಿಗೆ ಹಬ್ಬಿದೆ. ಮೀಸೆ ಕಂಡವರು ನಗುತ್ತಾರೆ, ಯಾಕಪ್ಪಾ ಇದು ಎನ್ನುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟ ರೋಗದ ಮಾತು ಹೊರಬೀಳುತ್ತದೆ, ಜೇಬಿನ ಕಾಸೂ ಹೊರಬೀಳುತ್ತದೆ.

ಪರೇಲಿನ ಹೋಟೆಲ್ ಬಂಧುಗಳೇ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದ ನಾಡಿನವರು ನಾವು! ಆದರೆ ಭಾರತದ ಗಂಡಸರನ್ನು ಅತಿ ಹೆಚ್ಚಾಗಿ ಹಿಡಿಯುವ ಕ್ಯಾನ್ಸರು ಮೀಸೆಯ ಕೆಳಗೇ, ಬಾಯಲ್ಲಿದೆ. ನಿದ್ದೆ ತಡೆಯಲು, ಹಸಿವು ಮರೆಯಲು ನಾವು ದವಡೆಗೆ ತುರುಕುವ ತಂಬಾಕು ಅದಕ್ಕೆ ದೊಡ್ಡ ಕಾರಣ. ಬಾಯೊಳಗೆ ಬಿಳಿ ಮಚ್ಚೆಯೋ ಆರದ ಹುಣ್ಣೋ ಕಂಡರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಊರಿಗೆ ಹೋದಾಗ ನೋಡೋಣವೆನ್ನಬೇಡಿ. ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ನಮ್ಮ ಪರೇಲಿನಲ್ಲೇ ಇದೆ. ದೂರದೂರುಗಳಿಂದ ಅಲ್ಲಿಗೆ ಬಂದು, ತಂಗಲು ನೆಲೆಯಿಲ್ಲದೆ ಫುಟ್‌ಪಾತಿನಲ್ಲಿ ಮಲಗುವ ರೋಗಿಗಳನ್ನು ನಾವೆಲ್ಲ ಕಂಡವರೇ.

ಬರುವ ನವೆಂಬರಿನಲ್ಲಿ ಮೀಸೆ ಬಿಡಿ. ನಕ್ಕವರ ಮುಂದೆ ಡಬ್ಬಿ ಹಿಡಿಯಿರಿ. ತಂಬಾಕಿನ ಕಾಸನ್ನೂ ಅದಕ್ಕೇ ಹಾಕಿ. ಮಾಣಿಗೆ ಮೀಸೆ ಬೇಡವೆನ್ನುವ ಧಣಿಗಳು ಒಂದು ತಿಂಗಳು ಸೈರಿಸಲಿ. ಸೈರಿಸದವರು ಎರಡು ಪಾಲು ವಂತಿಗೆ ಕೊಡಲಿ. ಕೂಡಿದ್ದೆಲ್ಲ ಆ ಫುಟ್‌ಪಾತಿನ ರೋಗಿಗಳಿಗೆ. ಡಬ್ಬಿಯ ಲೆಕ್ಕವನ್ನು ಡಿಸೆಂಬರಿನಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.