ಗುಮಾಸ್ತನ ಮೇಜಿನಿಂದ: ಸೋದರತ್ತೆಯ ಹೆಬ್ಬೆರಳು

ನಿಮ್ಮ ಮನೆಯಲ್ಲಿ ಪೆನ್ಶನ್ ಪಡೆಯುವ ಹಿರಿಯರೊಬ್ಬರಿದ್ದರೆ ನವೆಂಬರ ತಿಂಗಳ ಮಹಿಮೆಯನ್ನು ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಅವರು ತಾವಿನ್ನೂ ಬದುಕಿದ್ದೇವೆಂದು ಸರಕಾರಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಹಣ ನಿಲ್ಲುತ್ತದೆ. ಹಿಂದೆ ಬ್ಯಾಂಕಿಗೆ ಹೋಗಿ ಸಾಹೇಬರೆದುರು ಕಾಗದಕ್ಕೆ ಸಹಿ ಹಾಕಿದರೆ ತೀರುತ್ತಿತ್ತು. 2014ನೆಯ ಇಸವಿಯ ನವೆಂಬರದಲ್ಲಿ ‘ಜೀವನ ಪ್ರಮಾಣ’ ಎಂಬ ಹೊಸ ಏರ್ಪಾಡು ಬಂದಿತು. ಆಧಾರ್ ಸಂಖ್ಯೆ ಹೇಳಿ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ನೀವು ಬದುಕಿದ್ದೀರೆಂಬ ಸುದ್ದಿ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಬಲು ಅನುಕೂಲದ್ದು, ಸುಳ್ಳಲ್ಲ.

ನನ್ನ ಸೋದರತ್ತೆಗೆ ಈಗ 74. ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವರು. ಮಾಮಾ ಕೇಂದ್ರ ಸರಕಾರದ ಕಚೇರಿಯಲ್ಲಿದ್ದರು. ತೀರಿಕೊಂಡು ಬಹಳ ವರ್ಷಗಳಾದುವು. ಅವರ ಸಂಬಳ ಸಾಲದಿದ್ದ ದಿನಗಳಲ್ಲಿ ಅತ್ತೆ ಜೋಳದ ರೊಟ್ಟಿ ಬಡಿದು ಡಬ್ಬಿಯವರಿಗೆ ಕೊಡುತ್ತಿದ್ದರು. ದಿನಕ್ಕೆ ನೂರರ ಮೇಲೆ, ಮೂವತ್ತು ವರ್ಷ. ಬಿಸಿ ಹಿಟ್ಟು, ಬಿಸಿ ಹಂಚು, ಪಾತ್ರೆ ತಿಕ್ಕುವ ಬೂದಿ: ಇಷ್ಟೂ ಸೇರಿ ಆ ಬೆರಳುಗಳ ಗೆರೆಗಳನ್ನು ಎಂದೋ ಅಳಿಸಿಬಿಟ್ಟಿದ್ದುವು.

ಹೋದ ವರ್ಷ ನವೆಂಬರದಲ್ಲಿ ಅವರು ಒಬ್ಬರೇ ಬ್ಯಾಂಕಿಗೆ ಹೋದರು. ಯಂತ್ರ ಒಪ್ಪಲಿಲ್ಲ. ಕೈ ತೊಳೆದು ಬನ್ನಿ ಎಂದರು, ತೊಳೆದು ಬಂದರು. ಸೆರಗಿನಲ್ಲಿ ಒರೆಸಿಕೊಳ್ಳಿ ಎಂದರು, ಒರೆಸಿಕೊಂಡರು. ಹೆಬ್ಬೆರಳಾಯಿತು, ತೋರುಬೆರಳಾಯಿತು, ಎಡಗೈಯೂ ಆಯಿತು. ಕೊನೆಗೆ ಕೌಂಟರಿನ ಹುಡುಗ, “ಆಜೀ, ನಿಮ್ಮ ಬೆರಳು ಬರುತ್ತಿಲ್ಲ, ಇನ್ನೊಂದು ದಿನ ಬನ್ನಿ” ಎಂದು ಮರಾಠಿಯಲ್ಲಿ ಹೇಳಿ ಮುಂದಿನವರನ್ನು ಕರೆದ. “ಎದುರಿಗೇ ನಿಂತೀನಲ್ಲಪಾ, ಕಣ್ಣಿಲೆ ನೋಡಲಿಕ್ಕೆ ಬರೂದಿಲ್ಲೇನು ಅವರಿಗೆ?” ಎಂದು ಅತ್ತೆ ಆಮೇಲೆ ನನ್ನನ್ನು ಕೇಳಿದರು.

ಬರುವುದಿಲ್ಲ, ಅತ್ತೆ. ಆ ಯಂತ್ರ ‘ಇವರು ಯಾರು?’ ಎಂದು ಕೇಳುವುದೇ ಇಲ್ಲ. ‘ಈ 12 ಅಂಕಿಯವರ ಬೆರಳೂ ಈ ಬೆರಳೂ ಒಂದೆಯೆ?’ ಎಂದಷ್ಟೇ ದೂರದ ಕಡತವನ್ನು ಕೇಳುತ್ತದೆ. ಉತ್ತರ ಹೌದು, ಇಲ್ಲವೆ ಅಲ್ಲ. ‘ಇರಬಹುದು, ಮುಖ ನೋಡಿದರೆ ಸಂಭಾವಿತರಂತೆ ಕಾಣುತ್ತಾರೆ’ ಎನ್ನುವ ಉತ್ತರ ಅದರಲ್ಲಿಲ್ಲ. ಮುಪ್ಪಿನಲ್ಲಿ ತೊಗಲು ಒಣಗುತ್ತದೆ. ಗಾರೆ, ಇಟ್ಟಿಗೆ, ಮುಸುರೆಗಳಲ್ಲಿ ದುಡಿದವರ ಬೆರಳು ಸವೆಯುತ್ತದೆ. ನನ್ನಂತೆ ಕಡತ ತಿರುವಿದವರ ಬೆರಳು ಮಾತ್ರ ಅಚ್ಚಳಿಯದೆ ಉಳಿದಿರುತ್ತದೆ.

ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾದ ನಂದನ ನಿಲೇಕಣಿಯವರು ಚಿಕ್ಕಂದಿನಲ್ಲಿ ಧಾರವಾಡದಲ್ಲಿ ಓದಿದವರು. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. ಕಟ್ಟಿದವರೂ ನಮ್ಮವರೇ, ಕೇಳಿದವರೂ ನಮ್ಮವರೇ ಎಂದು ನಾನು ಹೆಮ್ಮೆಯಿಂದ ಹೇಳಿದರೆ ಅತ್ತೆ, “ಧಾರವಾಡದಾಗ ಓದಿದವರಿಗೆ ರೊಟ್ಟಿ ಬಡಿಯೋ ಕೈ ಹ್ಯಾಂಗಿರ್ತದ ಅನ್ನೂದು ಗೊತ್ತಿರಬೇಕಿತ್ತು” ಎಂದುಬಿಟ್ಟರು. ನ್ಯಾಯವಾಗಿ ಹೇಳಬೇಕೆಂದರೆ, ಗೊತ್ತಿತ್ತು. ಆದುದರಿಂದಲೇ ಆಧಾರಿಗೆ ಹತ್ತೂ ಬೆರಳು, ಎರಡೂ ಕಣ್ಣು, ಮುಖದ ಚಿತ್ರ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ. ಬೆರಳು ಸೋತರೆ ಕಣ್ಣುಂಟು, ಮುಖವುಂಟು. ಯಾವುದೂ ಆಗದಿದ್ದರೆ ಹಳೆಯ ಕಾಗದ ಇಂದಿಗೂ ಉಂಟು. ಕೌಂಟರಿನಲ್ಲಿ ಅದನ್ನು ಹೇಳುವವರಿರಲಿಲ್ಲ, ಅಷ್ಟೆ.

ಅತ್ತೆ ಮನೆಗೆ ಬಂದವರು ಯಾರಿಗೂ ಹೇಳಲಿಲ್ಲ. ಡಿಸೆಂಬರದ ಪೆನ್ಶನ್ ಬರಲಿಲ್ಲ, ಜನವರಿಯದೂ ಬರಲಿಲ್ಲ. ಅವರ ಮಗ ಸಿಂಗಾಪುರದಲ್ಲಿದ್ದಾನೆ. 2023ರ ಫೆಬ್ರವರಿ 21ರಂದು ನಮ್ಮ ಯುಪಿಐಯನ್ನೂ ಅಲ್ಲಿನ ಪೇನೌವನ್ನೂ ಜೋಡಿಸಿದ ಮೇಲೆ ಅಲ್ಲಿಂದ ಹಣ ಕಳಿಸುವುದು ಇಲ್ಲಿ ತರಕಾರಿಯವನಿಗೆ ಕೊಟ್ಟಷ್ಟು ಸುಲಭವಾಗಿದೆ. ಒಂದು ಮಾತು ಹೇಳಿದ್ದರೆ ಅತ್ತೆ ಚಹ ಕುಡಿದು ಮುಗಿಸುವುದರೊಳಗೆ ಹಣ ಸಮುದ್ರ ದಾಟಿ ಬರುತ್ತಿತ್ತು. ಹೇಳಲಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗಿದರು. ನಾನು ಸಂಕ್ರಾಂತಿಯ ಎಳ್ಳು ಕೊಡಲು ಹೋದಾಗ ಗುಳಿಗೆಯ ಡಬ್ಬಿ ನೋಡಿ ವಿಷಯ ಹೊರಬಿದ್ದಿತು. ಗದರಿಸಿದೆ. “ಅದು ಮಗನ ರೊಕ್ಕ. ಇದು ನಿಮ್ಮ ಮಾಮಾನ ದುಡಿಮಿ. ಇದನ್ನ ಯಾಕ ಬಿಡ್ಲಿ?” ಎಂದರು. ನಾನು ಸುಮ್ಮನಾದೆ.

ಸುಮ್ಮನಾದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದೇ ನವೆಂಬರದಲ್ಲಿ ನನ್ನ ಮೇಜಿಗೆ ಒಬ್ಬ ಮುದುಕರು ಬಂದಿದ್ದರು. ಒಂದು ಕಾಗದದಲ್ಲಿ ಅವರ ಹೆಸರಿನೊಡನೆ ತಂದೆಯ ಹೆಸರು ಪೂರ್ತಿ ಇತ್ತು, ಇನ್ನೊಂದರಲ್ಲಿ ಬರೀ ಮೊದಲಕ್ಷರ. ‘ಸರಿಮಾಡಿಸಿಕೊಂಡು ಬನ್ನಿ’ ಎಂದು ಕಳಿಸಿದೆ. ನಿಯಮ ಹಾಗೇ ಇತ್ತು. ಒಂದು ಪ್ರಮಾಣಪತ್ರದಿಂದ ಅಲ್ಲೇ ತೀರಿಸಬಹುದೆಂಬ ನಿಯಮವೂ ಇತ್ತು, ಊಟದ ಹೊತ್ತಾಗಿತ್ತು. ಅವರು ಮತ್ತೆ ಬರಲಿಲ್ಲ.

ಅಂದೇ ನನ್ನ ಫೋನಿನಲ್ಲಿ ಮುಖ ತೋರಿಸುವ ವ್ಯವಸ್ಥೆಯನ್ನು ಇಳಿಸಿಕೊಂಡೆ. 2021ರ ನವೆಂಬರದಿಂದ ಇದು ಬಳಕೆಯಲ್ಲಿದೆ. ಮೊದಲು ಮಾಡಿಸುವವನ ಮುಖ, ಆಮೇಲೆ ಪೆನ್ಶನ್‌ದಾರರ ಮುಖ. ಕಣ್ಣು ಪಿಳುಕಿಸಬೇಕು, ಎದುರಿಗಿರುವುದು ಭಾವಚಿತ್ರವಲ್ಲವೆಂದು ಅದಕ್ಕೆ ಖಾತ್ರಿಯಾಗಬೇಕಲ್ಲ. ಅತ್ತೆಗೋ ಫೋಟೋ ಎಂದರೆ ಉಸಿರು ಬಿಗಿಹಿಡಿದು ಕೂಡುವ ಅಭ್ಯಾಸ. ಎರಡು ಸಲ ತಪ್ಪಿತು. ಮೂರನೆಯ ಸಲ ಮೊಮ್ಮಗಳು ಪಕ್ಕದಲ್ಲಿ ಚಪ್ಪಾಳೆ ತಟ್ಟಿದಳು, ರೆಪ್ಪೆ ಬಡಿಯಿತು, ಕೆಲಸವಾಯಿತು. ಬಾಕಿಯೂ ಸೇರಿ ಹಣ ಫೆಬ್ರವರಿಯ ಕೊನೆಗೆ ಜಮೆಯಾಯಿತು.

ಸಂಘದ ಕಾರ್ಯದರ್ಶಿಗಳೊಡನೆ ಮಾತಾಡಿದ್ದೇನೆ. ಬರುವ ನವೆಂಬರದ ಎಲ್ಲ ಭಾನುವಾರ ಬೆಳಿಗ್ಗೆ ವಾಚನಾಲಯದಲ್ಲಿ ಫೋನು ಹಿಡಿದು ಕೂತಿರುತ್ತೇನೆ. ಆಧಾರ್, ಪೆನ್ಶನ್ ಆದೇಶದ ಸಂಖ್ಯೆ, ಬ್ಯಾಂಕ್ ಪುಸ್ತಕ, ನಿಮ್ಮ ಮೊಬೈಲು, ಇಷ್ಟು ತನ್ನಿರಿ. ಮೊಬೈಲಿಗೆ ಬರುವ ಗುಟ್ಟಿನ ಅಂಕಿಯನ್ನು ನೀವೇ ಒತ್ತಿರಿ, ದಾರಿಹೋಕರಿಗೆ ಹೇಳಬೇಡಿ. ನಡೆಯಲಾರದವರಿದ್ದರೆ ಚೀಟಿ ಕಳಿಸಿರಿ, ಮನೆಗೇ ಬರುತ್ತೇನೆ. ಅತ್ತೆಯೂ ಬರುತ್ತಾರಂತೆ, ಕಣ್ಣು ಪಿಳುಕಿಸುವುದು ಹೇಗೆಂದು ಕಲಿಸಲಿಕ್ಕೆ.