ಮಲೆನಾಡಿನ ಏರಿಗೆ ಎಂಥ ಬೈಸಿಕಲ್ಲು?

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆಯ ವಿದ್ಯಾರ್ಥಿಗಳು ಹಗುರವಾದ ಬೈಸಿಕಲ್ಲನ್ನು ಬಯಸುವುದು ಸಹಜವೇ. ಕಾಫಿತೋಟಗಳ ನಡುವಣ ರಸ್ತೆಯಲ್ಲಿ ಏರಿಲ್ಲದ ಮೈಲಿ ವಿರಳ. ಆದರೆ ಕಾರ್ಬನ್ ಚೌಕಟ್ಟಿಗಾಗಿ ವರ್ಷಗಟ್ಟಲೆ ಹಣ ಕೂಡಿಡುವುದು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಮನೆಯಲ್ಲಿ ಉಕ್ಕಿನ ಹಳೆಯ ಬೈಸಿಕಲ್ಲಿದ್ದರೆ ಅದರಿಂದಲೇ ಕೆಲಸ ಆರಂಭಿಸಬಹುದು. 2006-07ರಿಂದ ಹಲವು ವರ್ಷ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯವರಿಗೆ ಹಂಚಿದ ಬೈಸಿಕಲ್ಲುಗಳಲ್ಲಿ ಒಂದಾದರೂ ಆದೀತು.

ಲೆಕ್ಕ ಹಾಕಿ ನೋಡೋಣ. ಸವಾರನ ತೂಕ 60 ಕಿಲೋಗ್ರಾಂ, 28 ಅಂಗುಲದ ಗಾಲಿಯ ಬೈಸಿಕಲ್ಲಿನದು 18 ಕಿಲೋಗ್ರಾಂ ಎನ್ನೋಣ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ಬಂದರೆ ಬೈಸಿಕಲ್ಲು ಸುಮಾರು 5.4 ಮೀಟರು ಮುಂದೆ ಸಾಗುತ್ತದೆ. ನೂರು ಮೀಟರಿಗೆ ಏಳು ಮೀಟರು ಏರುವ ರಸ್ತೆಯಲ್ಲಿ, ಪೆಡಲಿನ ತೋಳು 17 ಸೆಂಟಿಮೀಟರಾದರೆ, ಘರ್ಷಣೆಯನ್ನು ಬಿಟ್ಟು ನೋಡಿದರೂ ಸವಾರನು ಸರಾಸರಿ 28 ಕಿಲೋಗ್ರಾಂ ತೂಕದಷ್ಟು ಬಲದಿಂದ ತುಳಿಯಬೇಕು. ಹೇರಳವಾಗಿ ಹಣ ಸುರಿದು ಬೈಸಿಕಲ್ಲಿನ ತೂಕವನ್ನು 10 ಕಿಲೋಗ್ರಾಮಿಗೆ ಇಳಿಸಿದಿರೆನ್ನಿ: ಬೇಕಾಗುವ ಬಲ 25ಕ್ಕೆ ಇಳಿಯುತ್ತದೆ, ಅಷ್ಟೆ! ಅದೇ ಭಾರದ ಬೈಸಿಕಲ್ಲಿಗೆ ಮುಂದೆ 28, ಹಿಂದೆ 28 ಹಲ್ಲಿನ ಗೇರು ದೊರೆತರೆ 11 ಸಾಕು. ಒಟ್ಟು ಕೆಲಸವೇನೂ ಕಡಿಮೆಯಾಗದು. ಕಾಲು ಸುಮಾರು ಎರಡೂವರೆ ಪಟ್ಟು ಹೆಚ್ಚು ಸಲ ಸುತ್ತಬೇಕು, ವೇಗವೂ ತಗ್ಗುತ್ತದೆ. ಆದರೆ 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯತ್ತ ಹೊರಟವನಿಗೆ ಇಳಿದು ತಳ್ಳುವುದಕ್ಕಿಂತ ಇದು ಲೇಸು.

ಆದುದರಿಂದ ಮೊದಲ ಹಣ ಗೇರಿಗೆ ಸಲ್ಲಬೇಕು. ಬಳಸಿದ ಗೇರಿನ ಬೈಸಿಕಲ್ಲಿನ ಹಲ್ಲುಚಕ್ರ, ಸರಪಣಿಗಳು ಅಗ್ಗವಾಗಿ ದೊರೆಯುವುದುಂಟು. ಅಗಲವಾದ ಫ್ರೀವೀಲು ಕೂರುವಂತೆ ಹಿಂದಿನ ಕವಲನ್ನು ಕೊಂಚ ಹಿಗ್ಗಿಸಬೇಕಾದೀತು. ಉಕ್ಕು ಇದಕ್ಕೆ ಬಾಗುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಇದನ್ನು ಎಂದಿಗೂ ಮಾಡಕೂಡದು. ನುರಿತ ಮೆಕ್ಯಾನಿಕರ ಕೈಯಲ್ಲೇ ಮಾಡಿಸಿರಿ.

ಎರಡನೆಯ ಹಣ ಅಲ್ಯೂಮಿನಿಯಂ ರಿಮ್ಮುಗಳಿಗೆ. ಅಲ್ಯೂಮಿನಿಯಮಿನ ಸಾಂದ್ರತೆ 2.7, ಉಕ್ಕಿನದು 7.8, ತೂಕ ಇಳಿಯುವುದು ಸ್ಪಷ್ಟ. ಆದರೆ ನಾವು ಇದನ್ನು ಒತ್ತಿ ಹೇಳುವುದು ತೂಕಕ್ಕಾಗಿ ಅಲ್ಲ. ಮಳೆಯಲ್ಲಿ ನೆನೆದ ಉಕ್ಕಿನ ನುಣುಪು ರಿಮ್ಮಿನ ಮೇಲೆ ರಬ್ಬರಿನ ಬ್ರೇಕು ಜಾರುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಯ ತಿರುವುಗಳನ್ನು ಆಷಾಢದಲ್ಲಿ ಇಳಿಯುವವನಿಗೆ ಇದು ಪ್ರಾಣದ ಪ್ರಶ್ನೆ.

ಸ್ಟ್ಯಾಂಡು, ಸರಪಣಿಯ ಮುಚ್ಚಳ, ಕ್ಯಾರಿಯರುಗಳನ್ನು ಕಳಚಲು ಕಾಸೂ ಖರ್ಚಿಲ್ಲ. ಮಡ್‌ಗಾರ್ಡನ್ನು ಮಾತ್ರ ಬಿಡಬೇಡಿ; ಕಳಸದ ಕೆಮ್ಮಣ್ಣಿನ ಕೆಸರು ಬೆನ್ನಿಗೆ ಅಂಟಿದರೆ ಅದರದ್ದೂ ಒಂದು ತೂಕವೇ.